ಕೋಟಿನೊಳಗಿನ ಬ್ಯಾರೋಮೀಟರ್

ನಮ್ಮ ಸಂಸ್ಥೆಯ ಹೆಸರು 'ಹದಿನೈದು ಕುರ್ಚಿ'. ಸ್ಕಾಟ್ಲೆಂಡಿನ ಜ್ಯೂರಿಯಲ್ಲಿ ಹದಿನೈದು ಜನ ಕೂರುತ್ತಾರೆ, ಅದಕ್ಕೆ ಆ ಹೆಸರು. ಶಾಲೆಯಿಂದ ಶಾಲೆಗೆ ಹೋಗಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಕೈಯಲ್ಲಿ ಒಂದು ಕಟ್ಟುಕತೆಯ ಮೊಕದ್ದಮೆ ಆಡಿಸುವುದು ನಮ್ಮ ಕೆಲಸ. ನಾವು ಅಂದರೆ ಇಬ್ಬರೇ: ನಿವೃತ್ತ ವಕೀಲ ಗಾರ್ಡನ್ ಟಾಕರ್, ಮತ್ತು ನಾನು, ಜೇಮ್ಸೀನಾ ಲೋರಿಮರ್. ಟಾಕರ್ ಅವರ ಕಾರಿನ ಡಿಕ್ಕಿಯಲ್ಲಿ ಮೂರು ಕಪ್ಪು ನಿಲುವಂಗಿ, ಕುದುರೆಕೂದಲಿನ ಒಂದು ಟೋಪನ್, ಜ್ಯೂರಿಯ ಚೀಟಿ ಎತ್ತಲು ಒಂದು ಗಾಜಿನ ಬೋಗುಣಿ ಇರುತ್ತವೆ. ಸುತ್ತಿಗೆ ಇರುವುದಿಲ್ಲ. ಮಕ್ಕಳು ಮೊದಲು ಕೇಳುವುದು ಅದನ್ನೇ. ನಮ್ಮ ಕೋರ್ಟುಗಳಲ್ಲಿ ಯಾರೂ ಸುತ್ತಿಗೆ ಬಡಿಯುವುದಿಲ್ಲ ಎಂದಾಗ ಅವರ ಮುಖ ಸಪ್ಪಗಾಗುತ್ತದೆ.

ನಾನು ಹೆಚ್ಚು ಓದಿದವಳಲ್ಲ. ಇಪ್ಪತ್ತೆಂಟು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ನಲವತ್ತು ದಾಟಿದ ಮೇಲೆ ವಾರಕ್ಕೆರಡು ಸಂಜೆ ಕಾಲೇಜಿಗೆ ಹೋಗಿ ಕಾನೂನಿನ ಮೊದಲ ಪಾಠಗಳನ್ನು ಕಲಿತೆ. ಕಲಿಸಿದವರು ಟಾಕರ್. ಆ ತರಗತಿಯ ಟಿಪ್ಪಣಿಗಳು ಈಗಲೂ ನನ್ನ ಹತ್ತಿರ ಇವೆ. ಏನಾದರೂ ಹೇಳುವ ಮುಂಚೆ ತೆಗೆದು ನೋಡುತ್ತೇನೆ, ಹೇಳಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಮೊದಲು ನಮ್ಮಲ್ಲಿ ಇದ್ದದ್ದು ಸೈಕಲ್ ಕಳ್ಳತನದ ಮೊಕದ್ದಮೆ. ಮಕ್ಕಳು ಅದನ್ನು ನಾಲ್ಕು ನಿಮಿಷದಲ್ಲಿ ತೀರ್ಮಾನಿಸಿ ಊಟಕ್ಕೆ ಎಷ್ಟು ಹೊತ್ತಿದೆ ಎಂದು ಕೇಳುತ್ತಿದ್ದರು. "ಜೇಮ್ಸೀನಾ, ಹಲ್ಲಿಗೆ ಸ್ವಲ್ಪ ಕೆಲಸ ಕೊಡೋ ಅಂಥದ್ದೊಂದು ಬರಿ. ಇದು ಬರೀ ಗಂಜಿ," ಎಂದರು ಟಾಕರ್. ನಾನು ಬರೆದೆ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಮೂವತ್ತೊಂದು ವರ್ಷಗಳ ಹಿಂದೆ ನಾನು ಜ್ಯೂರಿಯಲ್ಲಿ ಕೂತಿದ್ದೆ. ಆಗ ಒಳನಾಡಿನ ಹೈನುಗಾರರ ಊರೊಂದರಲ್ಲಿದ್ದೆ, ಪೋರ್ಟ್‌ಲೋಗಿ ಎಂಬ ಈ ಮೀನುಗಾರರ ಊರಿಗೆ ಇನ್ನೂ ಮದುವೆಯಾಗಿ ಬಂದಿರಲಿಲ್ಲ. ಮೂರು ದಿನ ನಡೆದ ಆ ಮೊಕದ್ದಮೆಯನ್ನೇ ಹೆಸರು ಬದಲಿಸಿ ಮಕ್ಕಳಿಗೆ ಬರೆದೆ. ಹಾಗೆ ಬರೆಯಬಹುದೇ ಎಂದು ಗ್ರಂಥಾಲಯಕ್ಕೆ ಎರಡು ಸಲ ಹೋಗಿ ಓದಿದೆ. ಕೋರ್ಟಿನಲ್ಲಿ ಎಲ್ಲರೆದುರು ಆಡಿದ ಮಾತು ಎಲ್ಲರದ್ದು. ಜ್ಯೂರಿಯ ಕೋಣೆಯೊಳಗೆ ಆಡಿದ್ದನ್ನು, ಯಾರು ಯಾವ ಕಡೆ ಕೈ ಎತ್ತಿದರು ಎನ್ನುವುದನ್ನು, ಹೊರಗೆ ಹೇಳಿದರೆ ಅಪರಾಧ, ಎಷ್ಟು ವರ್ಷ ಕಳೆದರೂ ಅಪರಾಧ. ಆದ್ದರಿಂದ ನಾನು ಏನು ಹೇಳಿದೆ ಎಂದು ಇಲ್ಲಿಯೂ ಬರೆಯುವಂತಿಲ್ಲ. ತೀರ್ಪು ಮಾತ್ರ ಬರೆಯಬಹುದು: ತಪ್ಪಿತಸ್ಥ, ಬಹುಮತದಿಂದ. ಶಿಕ್ಷೆ ಹದಿನೆಂಟು ತಿಂಗಳು.

ಇದನ್ನೇ ಯಾಕೆ ಬರೆದೆ ಎಂದಾಗ, ಒಳ್ಳೆಯ ಮೊಕದ್ದಮೆ ಎಂದಷ್ಟೇ ಟಾಕರ್‌ಗೆ ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದೇ ಸಾಕ್ಷ್ಯ ಕೇಳಿ ಬೇರೆ ಹದಿನೈದು ಜನ ಏನು ಹೇಳುತ್ತಾರೆ ಎಂದು ನನಗೆ ತಿಳಿಯಬೇಕಿತ್ತು. ಮೂವತ್ತೊಂದು ವರ್ಷ ಅದನ್ನು ತಿಳಿಯಬೇಕಿತ್ತು.

ಮೊಕದ್ದಮೆ ಇಷ್ಟು. ಬಂದರುಕಟ್ಟೆಯ ಪಕ್ಕ ಅಣ್ಣತಮ್ಮಂದಿರಿಬ್ಬರ ಒಂದು ಬಲೆಮನೆ. ಬಲೆ, ಹಗ್ಗ, ತೇಲುಬುರುಡೆಗಳನ್ನು ಇಡುವ ಮರದ ಕಟ್ಟಡ. ಅಣ್ಣನಿಗೆ ಅದನ್ನು ಮಾರಬೇಕು, ತಮ್ಮನಿಗೆ ಬೇಡ. ಒಂದು ಭಾನುವಾರ ಸಂಜೆ ಆರೂವರೆಗೆ ಅದಕ್ಕೆ ಬೆಂಕಿ ಬಿತ್ತು. ಅದಕ್ಕೆ ಹತ್ತು ನಿಮಿಷ ಮೊದಲು ತಮ್ಮ ಅಲ್ಲಿಂದ ಹೊರಗೆ ಬಂದದ್ದನ್ನು ಎದುರುಮನೆಯ ಹೆಂಗಸು ಕಿಟಕಿಯಿಂದ ನೋಡಿದಳು. ಅವನ ಕೋಟಿನೊಳಗೆ ಏನೋ ಉಬ್ಬಿತ್ತು. ಪೊಲೀಸರು ಅವನ ಮನೆಗೆ ಹೋದಾಗ ಅದು ಏನೆಂದು ತಿಳಿಯಿತು: ಹಿತ್ತಾಳೆಯ ಬ್ಯಾರೋಮೀಟರ್, ಅಪ್ಪನ ಕಾಲದ್ದು, ಬಲೆಮನೆಯ ಗೋಡೆಯಲ್ಲಿ ನಲವತ್ತು ವರ್ಷ ತೂಗಿದ್ದು. ಕಟ್ಟಡ ಸುಡುತ್ತದೆ ಎಂದು ಗೊತ್ತಿದ್ದವನು ತಾನೇ ತನಗೆ ಬೇಕಾದ ಒಂದು ವಸ್ತುವನ್ನು ಮೊದಲೇ ಹೊರಗೆ ತರುವುದು ಎಂದು ಸರ್ಕಾರಿ ವಕೀಲರು ಕೇಳಿದರು. ಜೊತೆಗೆ ಆ ಕುಟುಂಬದವರು ಭಾನುವಾರ ಸೂಜಿಯನ್ನೂ ಮುಟ್ಟದ, ಕಟ್ಟುನಿಟ್ಟಾದ ಪ್ರಾರ್ಥನಾ ಸಭೆಯೊಂದಕ್ಕೆ ಸೇರಿದವರು. ಕೆಲಸಕ್ಕೆ ಹೋಗಿರಲಾರ. ಮತ್ತೆ ಯಾಕೆ ಹೋಗಿದ್ದ? ಆರೋಪಿ ಮೂರು ದಿನವೂ ಬಾಯಿ ಬಿಡಲಿಲ್ಲ. ಮಾತಾಡದಿರುವುದು ಅವನ ಹಕ್ಕು, ಅದರಿಂದ ಏನನ್ನೂ ತೀರ್ಮಾನಿಸಬಾರದು ಎಂದು ನ್ಯಾಯಾಧೀಶರು ನಮಗೆ ಹೇಳಿದರು. ಮಕ್ಕಳ ಪಾಠದಲ್ಲಿ ಆ ಮಾತನ್ನು ನಾನು ಎರಡು ಕಡೆ ಬರೆದಿದ್ದೆ. ಟಾಕರ್ ಒಂದನ್ನು ಹೊಡೆದುಹಾಕಿದರು. ನಾನು ಮತ್ತೆ ಸೇರಿಸಿದೆ.

ಆರೋಪಿಗೆ ಪೀಟರ್ ಸ್ಮಿತ್ ಎಂದು ಹೆಸರಿಟ್ಟೆ. ನಿಜವಾದ ಹೆಸರು ಮೇರ್, ಇದೇ ಊರಿನವರು; ಜೈಲಿನಿಂದ ಬಂದ ಮೇಲೆ ಎಲ್ಲಿದ್ದಾರೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಪೋರ್ಟ್‌ಲೋಗಿಯಲ್ಲಿ ಮೂರರಲ್ಲಿ ಒಂದು ಮನೆ ಮೇರ್‌ಗಳದ್ದು. ಅವರನ್ನು ಯಾರೂ ಆ ಹೆಸರಿನಿಂದ ಗುರುತಿಸುವುದೂ ಇಲ್ಲ, ಅಡ್ಡಹೆಸರು ಹಿಡಿದು ಗುರುತಿಸುತ್ತಾರೆ, ಅದು ಅಪ್ಪನಿಂದ ಮಗನಿಗೆ, ಮೊಮ್ಮಗಳಿಗೆ ಇಳಿದು ಬರುತ್ತದೆ. ಅಂಚೆಯವನ ಕಾಗದದಲ್ಲೂ ಅಡ್ಡಹೆಸರು ಇರುತ್ತದೆ. ಇಷ್ಟು ವರ್ಷ ಇಲ್ಲಿ ಬದುಕಿದ ನನಗೆ ಇದು ಗೊತ್ತಿತ್ತು. ಇಂಥ ಊರಲ್ಲಿ ಹೆಸರು ತೆಗೆದರೆ ಏನನ್ನೂ ತೆಗೆದಂತಲ್ಲ ಎಂದು ಮಾತ್ರ ಹೊಳೆಯಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಊರಿನ ಶಾಲೆಯ ಸಭಾಂಗಣದಲ್ಲಿ ಕುರ್ಚಿ ಜೋಡಿಸಿದೆವು. ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳು. ಟೀಚರ್ ಮಿಸ್ ಪಿರೀ ಅಬರ್ಡೀನ್‌ನಿಂದ ಬಂದವಳು, ಚಿಕ್ಕವಳು. ಪಾಠವನ್ನು ಮೊದಲೇ ಓದಿ, ಚೆನ್ನಾಗಿದೆ ಎಂದಿದ್ದಳು.

ಟಾಕರ್ ಟೋಪನ್ ಹಾಕಿಕೊಂಡು ವೇದಿಕೆಯ ಮೇಲೆ ಕೂತರು. "ನಮ್ಮಲ್ಲಿ ಜಡ್ಜ್‌ಗೆ ಷರೀಫ್ ಅಂತಾರೆ. ಇವತ್ತು ನಾನೇ ಷರೀಫ್."

"ಹಾಗಾದ್ರೆ ಕೌಬಾಯ್ ಸಿನಿಮಾದ ಷರೀಫ್ ತರ ಕುದುರೆ ಎಲ್ಲಿ ಸಾರ್?" ಎಂದ ಗ್ರೆಗರ್ ವಾಟ್ ಎನ್ನುವ ಹುಡುಗ.

"ತಲೆ ಮೇಲಿದೆ ನೋಡು. ಬಾಲ ಮಾತ್ರ ಸಿಕ್ತು."

ಬೋಗುಣಿಯಿಂದ ಚೀಟಿ ಎತ್ತಿ ಹದಿನೈದು ಮಕ್ಕಳನ್ನು ಜ್ಯೂರಿಯಲ್ಲಿ ಕೂರಿಸಿದೆ. ಹನ್ನೊಂದನೆಯ ಚೀಟಿ ಟಿರ್ಜಾ ಮೇರ್ ಎಂಬ ಹುಡುಗಿಯದ್ದು. ಎರಡು ಜಡೆ, ತುಟಿ ಬಿಗಿಹಿಡಿದ ಮುಖ. ಅವಳು ಎದ್ದಾಗ ಹಿಂದೆ ಯಾರೋ ಪಿಸುಗುಟ್ಟಿದರು: "ಬೆಂಕಿ ಬಂತು." ಆ ತರಗತಿಯಲ್ಲಿ ನಾಲ್ವರು ಮೇರ್‌ಗಳಿದ್ದರು. ಅದು ಅವಳ ಮನೆಯ ಅಡ್ಡಹೆಸರು ಇರಬೇಕು ಎಂದುಕೊಂಡೆ. ಅಷ್ಟಕ್ಕೇ ಸುಮ್ಮನಾದೆ.

ನಿಯಮದ ಪ್ರಕಾರ ಕೇಳಬೇಕಾದ್ದನ್ನು ಕೇಳಿದೆ. "ಆರೋಪಿ ಪೀಟರ್ ಸ್ಮಿತ್. ಇವರನ್ನು ತಿಳಿದವರು ಜ್ಯೂರಿಯಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಈಗಲೇ ಹೇಳಬೇಕು." ಯಾರೂ ಕೈ ಎತ್ತಲಿಲ್ಲ.

ಆರೋಪಿಯ ಪಾತ್ರ ಗ್ರೆಗರ್‌ನದ್ದು. ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಮಿಸ್, ನಂಗೆ ಒಂದೂ ಡೈಲಾಗ್ ಇಲ್ಲ," ಎಂದ.

"ನೀನು ಸುಮ್ಮನಿರಬೇಕು ಗ್ರೆಗರ್."

"ಇವನಾ? ಸುಮ್ಮನೆನಾ? ಶಿಕ್ಷೆ ಈಗ್ಲೇ ಶುರುವಾಯ್ತು ಬಿಡಿ," ಎಂದಳು ಸರ್ಕಾರಿ ವಕೀಲೆಯ ನಿಲುವಂಗಿ ತೊಟ್ಟ ಹುಡುಗಿ. ಎಲ್ಲರೂ ನಕ್ಕರು.

ಬಲೆಮನೆ ಎಂದಾಗಲೂ ಸರಿಯಿತ್ತು. ಭಾನುವಾರ ಎಂದಾಗಲೂ ಸರಿಯಿತ್ತು. ಎದುರುಮನೆಯ ಹೆಂಗಸಾದವಳು ಹಾಳೆ ನೋಡಿ, "ಅವರ ಕೋಟಿನ ಒಳಗೆ ದುಂಡಗೆ ಏನೋ ಇತ್ತು," ಎಂದು ಓದಿದಳು. ಪೊಲೀಸಾದ ಹುಡುಗ, "ಅದು ಬ್ಯಾರೋಮೀಟರ್," ಎಂದ. ಆಮೇಲೆ ಯಾರೂ ನಗಲಿಲ್ಲ. ಮಕ್ಕಳ ಮನಸ್ಸಿಗೆ ತಾಗಿದೆ, ಬರವಣಿಗೆ ಚೆನ್ನಾಗಿದೆ ಎಂದು ನನಗೆ ಸಂತೋಷವಾಯಿತು. ಅದನ್ನೂ ಬರೆದಿಡುತ್ತೇನೆ.

ಕೊನೆಯಲ್ಲಿ ಟಾಕರ್ ಮೂರು ತೀರ್ಪುಗಳನ್ನು ವಿವರಿಸಿದರು. "ತಪ್ಪಿತಸ್ಥ. ತಪ್ಪಿತಸ್ಥನಲ್ಲ. ಮೂರನೇದು ನಮ್ಮ ದೇಶದಲ್ಲಿ ಮಾತ್ರ ಇರೋದು: ಸಾಬೀತಾಗಿಲ್ಲ. ಎರಡ್ನೇದು, ಮೂರ್ನೇದು, ಯಾವ್ದು ಬಂದ್ರೂ ಮನುಷ್ಯ ಮನೆಗೆ ಹೋಗ್ತಾನೆ."

"ಮತ್ತೆ ಎರಡಕ್ಕೂ ಏನು ವ್ಯತ್ಯಾಸ ಸಾರ್?"

"ಮನೆಗೆ ಹೋದ ಮೇಲೆ ಊರವರು ಏನ್ ಅಂತಾರೆ ಅನ್ನೋದು."

ಜ್ಯೂರಿ ಗ್ರಂಥಾಲಯದ ಕೋಣೆಗೆ ಹೋಯಿತು. ಜ್ಯೂರಿಯ ಕೋಣೆಗೆ ದೊಡ್ಡವರು ಕಾಲಿಡಬಾರದು ಎನ್ನುವುದು ನಮ್ಮ ಸಂಸ್ಥೆಯ ನಿಯಮ. ನಾನು ಬಾಗಿಲ ಹೊರಗೆ ನಿಂತೆ. ಮೊದಲು ಗಲಾಟೆ ಇತ್ತು, ಆಮೇಲೆ ಒಂದೇ ಧ್ವನಿ, ಆಮೇಲೆ ಏನೂ ಇಲ್ಲ. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಹದಿನೈದೂ ಜನ ಸಾಲಾಗಿ ಬಂದು ಕೂತರು. ಜ್ಯೂರಿಯ ಮುಖ್ಯಸ್ಥೆ ಏಲಿ ರೀಡ್ ಎಂಬ ಹುಡುಗಿ ಎದ್ದು ನಿಂತಳು.

"ತೀರ್ಪು ಅಲ್ಲ ಸಾರ್. ಒಂದು ಪ್ರಶ್ನೆ. ಸಾಕ್ಷಿಗಳು ಹೇಳದೇ ಇರೋದನ್ನ ಜ್ಯೂರಿಲಿ ಇರೋರು ಹೇಳ್ಬಹುದಾ?"

"ಇಲ್ಲ," ಎಂದರು ಟಾಕರ್. "ಈ ಹಾಲ್‌ನಲ್ಲಿ ಕೇಳಿದ್ದು ಮಾತ್ರ."

ಟಿರ್ಜಾ ಎದ್ದಳು. "ಹಾಗಿದ್ರೆ ನಾನು ಇಲ್ಲಿ ಕೂರಂಗಿಲ್ಲ. ಮೊದಲು ಕೇಳಿದಾಗ ಕೈ ಎತ್ತಬೇಕಿತ್ತು. ಆದ್ರೆ ಪೀಟರ್ ಸ್ಮಿತ್ ಅಂದ್ರಿ. ನಂಗೆ ಯಾವ ಪೀಟರ್ ಸ್ಮಿತ್ತೂ ಗೊತ್ತಿಲ್ಲ."

"ಈಗ ಯಾರು ಗೊತ್ತಮ್ಮಾ?"

"ಅದು ನಮ್ಮ ತಾತ. ಬ್ಯಾರೋಮೀಟರ್ ನಮ್ಮನೆ ಪಡಸಾಲೆಯಲ್ಲಿದೆ."

ಮಿಸ್ ಪಿರೀ ನನ್ನ ಕಡೆ ತಿರುಗಿದಳು. ಆರೋಪಿಯ ಕುರ್ಚಿಯಿಂದ ಗ್ರೆಗರ್ ತಗ್ಗಿದ ಧ್ವನಿಯಲ್ಲಿ, "ಮಿಸ್, ಎಲ್ರಿಗೂ ಗೊತ್ತಿತ್ತು. ಕೋಟು ಅಂದಾಗ್ಲೇ ಗೊತ್ತಾಯ್ತು. ಅದಕ್ಕೇ ಅಲ್ವಾ ಅವಳಿಗೆ ಬೆಂಕಿ ಅನ್ನೋದು," ಎಂದ.

ಟಾಕರ್ ಟೋಪನ್ ತೆಗೆದು ಮೇಜಿನ ಮೇಲಿಟ್ಟು, ಮೊಕದ್ದಮೆಯನ್ನು ಒಂದು ವಾರ ಮುಂದೂಡಲಾಗಿದೆ ಎಂದರು. ಮಕ್ಕಳು ಆಟದ ಬಯಲಿಗೆ ಹೋದರು. ಟಾಕರ್ ನನ್ನನ್ನು ನಿಲುವಂಗಿ ಮಡಿಸುವ ನೆಪದಲ್ಲಿ ಮೂಲೆಗೆ ಕರೆದರು.

"ಎಲ್ಲಿಂದ ತಂದೆ ಇದನ್ನ?"

"ಕೋರ್ಟಿಂದ."

"ನೋಡೋಕೆ ಹೋಗಿದ್ಯಾ? ಇಲ್ಲ ಜ್ಯೂರಿಲಿ ಕೂತಿದ್ಯಾ?"

"ಕೂತಿದ್ದೆ. ಹೊರಗೆ ಆಡಿದ ಮಾತು ಬಿಟ್ಟು ಒಂದಕ್ಷರ ಬರೆದಿಲ್ಲ. ಕಾಯಿದೆ ನೋಡಿದೀನಿ, ಎರಡು ಸಲ..."

"ನೋಡಿರ್ತೀಯ, ನೋಡದೆ ಬಿಡ್ತೀಯಾ. ಕಾಯಿದೇಲಿ ತಪ್ಪಿಲ್ಲ. ಮುಂದೆ ಒಂದು ಮಾತೂ ಹೇಳ್ಬೇಡ ನಂಗೆ." ನಿಲುವಂಗಿಯನ್ನು ಅವರು ತಪ್ಪಾಗಿ ಮಡಿಸಿದ್ದರು. ನಾನು ಬಿಚ್ಚಿ ಮತ್ತೆ ಮಡಿಸಿದೆ. "ಹೋಗಿ ಮಾತಾಡು ಆ ಮನುಷ್ಯನ ಹತ್ರ. ಕಾಗದ ಬರೀಬೇಡ. ನೀನು ಕಾಗದ ಬರೆದ್ರೆ ಒಂಬತ್ತು ಪುಟ ಆಗುತ್ತೆ."

ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಶನಿವಾರ ಮಧ್ಯಾಹ್ನ ಹೋದೆ. ಬಂದರಿಗೆ ಬೆನ್ನು ಕೊಟ್ಟು ನಿಂತ ಸಾಲುಮನೆಗಳಲ್ಲಿ ಕೊನೆಯದು. ಟಿರ್ಜಾಳ ತಾಯಿ ರೂತ್ ಬಾಗಿಲು ತೆರೆದಳು. ಕೈಯಲ್ಲಿ ಮೀನಿನ ಚಾಕು ಇತ್ತು. ಅಡುಗೆಮನೆಯಿಂದ ನೇರ ಬಂದಿದ್ದಳು ಅಷ್ಟೆ.

"ಓಹೋ, ಕೋರ್ಟಿನವರು! ಬನ್ನಿ. ಸಮನ್ಸ್ ತಂದಿದೀರಾ ಹೆಂಗೆ?"

"ಕ್ಷಮೆ ಕೇಳೋಕೆ ಬಂದೆ. ಟಿರ್ಜಾ ಅವರ ಮೊಮ್ಮಗಳು ಅಂತ ನನಗೆ ಗೊತ್ತಿರಲಿಲ್ಲ..."

"ಊರಿಗೆಲ್ಲ ಗೊತ್ತಿರೋದು ನಿಮಗೊಬ್ರಿಗೆ ಗೊತ್ತಿರ್ಲಿಲ್ಲ. ಮಕ್ಕಳಿಗೆ ಪಾಠ ಮಾಡೋರು." ಅವಳು ಚಾಕುವನ್ನು ಏಪ್ರನ್ನಿಗೆ ಒರೆಸಿದಳು. "ಅಪ್ಪ ನಿಮ್ಮನ್ನ ಒಳಗೆ ಬಿಡು ಅಂದಿದಾರೆ. ಇಲ್ಲಾಂದ್ರೆ ನಾನು ಬಿಡ್ತಿರ್ಲಿಲ್ಲ, ತಿಳ್ಕೊಳ್ಳಿ."

ಪಡಸಾಲೆಯಲ್ಲಿ ಬ್ಯಾರೋಮೀಟರ್ ತೂಗುತ್ತಿತ್ತು. ಕೋರ್ಟಿನ ಮೇಜಿನ ಮೇಲೆ ಚೀಟಿ ಕಟ್ಟಿಸಿಕೊಂಡು ಮೂರು ದಿನ ಇದ್ದದ್ದು ಅದೇ. ನನ್ನ ನೆನಪಿನಲ್ಲಿ ಅದು ಇದಕ್ಕಿಂತ ದೊಡ್ಡದಿತ್ತು.

ಜಾನ್ ಮೇರ್ ಕಿಟಕಿಯ ಹತ್ತಿರ ಕೂತಿದ್ದರು. ವಯಸ್ಸು ಎಪ್ಪತ್ತೆಂಟು. ತೆಳ್ಳಗಾಗಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎರಡನೇ ಸಾಲು," ಎಂದರು ಆಮೇಲೆ. "ಎಡಗಡೆ ತುದಿ. ಹಸಿರು ಕೋಟು."

ರೂತ್ ಒಂದು ಕುರ್ಚಿ ಎಳೆದು ಕೊಟ್ಟಳು.

"ಮೂರು ದಿನ ಬಾಯಿ ಮುಚ್ಕೊಂಡು ಕೂತಿದ್ನಲ್ಲಮ್ಮ, ನೋಡೋಕೆ ಬೇರೆ ಏನಿತ್ತು? ಹದಿನೈದೂ ಮುಖ ನೆನಪಿದೆ. ನಿನ್ನ ಪಕ್ಕದಲ್ಲಿ ಕೆಮ್ಮೋ ಗಂಡಸೊಬ್ಬ ಇದ್ದ. ನೀನು ಅವನಿಗೆ ಪೆಪ್ಪರ್‌ಮಿಂಟ್ ಕೊಡ್ತಿದ್ದೆ."

ಕೊಟ್ಟಿದ್ದೆ. ಅದು ಕೋರ್ಟಿನ ಹಾಲಿನಲ್ಲಿ ನಡೆದದ್ದು, ಆದ್ದರಿಂದ ಹೌದು ಎಂದೆ. ಕಲಿತುಕೊಂಡು ಬಂದಿದ್ದ ಕ್ಷಮೆಯ ಮಾತುಗಳನ್ನು ಹೇಳಿದೆ: ಪಾಠವನ್ನು ಹಿಂದೆ ತೆಗೆದುಕೊಳ್ಳುತ್ತೇವೆ, ಇನ್ನು ಎಲ್ಲಿಯೂ ನಡೆಸುವುದಿಲ್ಲ, ಶಾಲೆಗೆ ನಾನೇ ಹೇಳುತ್ತೇನೆ. ಅವರು ಪೂರ್ತಿ ಕೇಳಿದರು.

"ಮಕ್ಕಳು ಏನಂದ್ರು?"

"ತೀರ್ಪು ಆಗಲಿಲ್ಲ. ಟಿರ್ಜಾ ಎದ್ದು ನಿಂತಳಲ್ಲ."

"ಅದು ಗೊತ್ತು. ಅವಳು ಎದ್ದಿದ್ದು ಸರಿ. ಉಳಿದವರು ಹದಿನಾಲ್ಕು ಜನ ಇದ್ದಾರಲ್ಲ? ಹದಿನಾಲ್ಕು ಸಾಕು ಅಲ್ವಾ ಕಾನೂನಿಗೆ?"

"ಹನ್ನೆರಡರ ತನಕ ಸಾಕು."

"ಮತ್ತೆ ಮುಗಿಸಿ. ಅರ್ಧಕ್ಕೆ ಬಿಟ್ರೆ ಆಟದ ಬಯಲಲ್ಲಿ ಅವರೇ ಮುಗಿಸ್ತಾರೆ. ಅಲ್ಲಿ ಷರೀಫ್ ಇರಲ್ಲ."

"ಅಪ್ಪಾ!" ಎಂದಳು ರೂತ್. "ಆಗಿದ್ದು ಸಾಲ್ದಾ?"

"ನಂಗೆ ಸಾಕು ಕಣೆ. ಕೂಸಿಗೆ ಸಾಲ್ದು. ಎಂಟು ವರ್ಷದಿಂದ ಬೆಂಕಿ ಬೆಂಕಿ ಅನ್ನಿಸ್ಕೊಂಡು ಶಾಲೆಗೆ ಹೋಗ್ತಿದೆ. ಅದರ ಜೊತೆ ಆಡೋ ಮಕ್ಕಳು ಒಂದ್ಸಲ ಕೂತು ಪೂರ್ತಿ ಕೇಳಿ ಏನಾದ್ರೂ ಅನ್ಲಿ. ಏನಂದ್ರೂ ಸರಿ. ಕೇಳದೆ ಅನ್ನೋದಕ್ಕಿಂತ ಕೇಳಿ ಅನ್ನೋದು ಮೇಲು."

ಟಿರ್ಜಾ ತಟ್ಟೆಯಲ್ಲಿ ಚಹಾ ಮತ್ತು ಉಪ್ಪುಬೆಣ್ಣೆಯ ರೊಟ್ಟಿ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಮುದುಕರು ಅವಳನ್ನು ಕಳಿಸಲಿಲ್ಲ. ಯಾರೂ ಕೇಳದೆಯೇ ಅವರು ಹೇಳತೊಡಗಿದರು. ಇದನ್ನು ನಾನು ಅವರು ತೀರಿಕೊಂಡ ಮೇಲೆ, ರೂತಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವಳು ಓದಿ ಎರಡು ಕಡೆ ತಿದ್ದಿದ್ದಾಳೆ.

"ಬಲೆ ಹರಿದಿತ್ತು. ಭಾನುವಾರ ಕಳೀತಿದ್ದಂಗೆ, ನಡುರಾತ್ರಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ ದೋಣಿ ಹೊರಡಬೇಕು. ಹರಿದ ಬಲೆ ತಗೊಂಡು ಹೋದ್ರೆ ವಾರದ ಕೂಳು ಹೋಯ್ತು. ಅಣ್ಣ ಮುಟ್ಟಲ್ಲ ಅಂದ. ಸಭೆಯ ಹಿರಿಯ ಅವನು. ನಾನು ಪ್ರಾರ್ಥನೆ ಮುಗಿಸ್ಕೊಂಡು, ಯಾರಿಗೂ ಕಾಣದಂಗೆ ಹೋಗಿ, ಒಳಗಿಂದ ಬಾಗಿಲು ಹಾಕ್ಕೊಂಡು, ದೀಪ ಹಚ್ಚಿ ಎರಡು ಗಂಟೆ ಬಲೆ ಹೆಣೆದೆ. ಭಾನುವಾರ. ಬರ್ತಾ ಅಪ್ಪನ ಬ್ಯಾರೋಮೀಟರ್ ತಗೊಂಡೆ. ಅದನ್ನೂ ಮಾರ್ತಾನೆ ಅಂತ ಸಿಟ್ಟು ಇತ್ತು. ಅಷ್ಟೇ."

"ಇದನ್ನ ಕೋರ್ಟಲ್ಲಿ..." ಎಂದೆ.

"ಹೇಳ್ಬಹುದಿತ್ತು. ಹಿಂದಿನ ಬೆಂಚಲ್ಲಿ ಇಡೀ ಸಭೆ ಕೂತಿತ್ತಮ್ಮ. ಭಾನುವಾರ ಸೂಜಿ ಹಿಡಿದೆ ಅಂತ ಅವರ ಮುಂದೆ ಹೇಳೋದಾ? ಹೇಳಿದ್ರೆ ಸಭೆಯಿಂದ ಹೊರಗೆ. ನನ್ನ ಹೆಂಡ್ತಿ ಜೊತೆ ಕೂತು ಊಟ ಮಾಡೋ ಹಂಗಿರ್ಲಿಲ್ಲ ಆಮೇಲೆ. ಬೆಂಕಿ ಹಚ್ಚಿದ ಅನ್ನೋದನ್ನ ಯಾರೂ ನಂಬಲ್ಲ ಅನ್ಕೊಂಡಿದ್ದೆ. ನಂಬಿದ್ರು. ಸಭೆಯಿಂದ ಹೇಗಿದ್ರೂ ಹೊರಗೆ ಹಾಕಿದ್ರು." ಚಹಾ ಕುಡಿದರು. "ಇನ್ನೊಂದು ಇದೆ. ಬರುವಾಗ ದೀಪ ಆರಿಸಿದ್ನಾ ಇಲ್ವಾ ಅಂತ ನಂಗೆ ನೆನಪಿಲ್ಲ. ಜೈಲಲ್ಲಿ ದಿನಾ ರಾತ್ರಿ ಆ ಬಾಗಿಲ ತನಕ ಹೋಗ್ತಿದ್ದೆ ಮನಸ್ಸಲ್ಲಿ. ಕೋಟು ಹಾಕ್ಕೊಂಡೆ, ಬ್ಯಾರೋಮೀಟರ್ ಒಳಗೆ ಇಟ್ಕೊಂಡೆ, ಬಾಗಿಲು ತೆಗೆದೆ. ದೀಪ ಕಾಣಲ್ಲ. ಇವತ್ತಿಗೂ ಕಾಣಲ್ಲ."

ದೀಪ ಮರೆತು ಬಂದಿದ್ದರೂ ಅದು ಬೇಕೆಂದೇ ಬೆಂಕಿ ಹಚ್ಚಿದಂತಲ್ಲ, ಆ ಅಪರಾಧ ಅವರ ಮೇಲೆ ನಿಲ್ಲುವುದಿಲ್ಲ. ಇದು ಸಂಜೆ ತರಗತಿಯ ಎರಡನೇ ವಾರದ ಪಾಠ. ನಾನು ಹೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರಿಗೆ ಅದು ತಿಳಿದಿರದೆ ಇರುತ್ತದೆಯೇ?

ಅವರು ಲೋಟ ಕೆಳಗಿಟ್ಟರು. "ಈಗ ನಾನೊಂದು ಕೇಳ್ತೀನಿ. ನೀನು ಯಾವ ಕಡೆ ಇದ್ದೆ?"

ರೂತ್ ತಿರುಗಿ ನೋಡಿದಳು. ಬಾಗಿಲ ಹತ್ತಿರ ಟಿರ್ಜಾ ಕದಲಲಿಲ್ಲ.

ಹೇಳುವಂತಿಲ್ಲ, ಕಾನೂನು ಬಿಡುವುದಿಲ್ಲ ಎನ್ನಬಹುದಿತ್ತು. ಹಾಗೆಂದರೆ ಕಾನೂನಿನ ಹಿಂದೆ ಅಡಗಿದಂತೆ ಕೇಳುತ್ತದೆ ಅನಿಸಿತು. ಹೇಳಿಬಿಡಬಹುದಿತ್ತು. ಹೇಳಿದರೆ ನಾಳೆಯಿಂದ ಯಾವ ಮುಖ ಹೊತ್ತು ಮಕ್ಕಳಿಗೆ ಆ ನಿಯಮ ಕಲಿಸಲಿ? ಸುಳ್ಳು ಹೇಳಬಹುದಿತ್ತು, ಅದೂ ಒಂದು ಗಳಿಗೆ ತಲೆಗೆ ಬಂತು. ಈ ಮೂರರ ನಡುವೆ ಓಡಾಡುತ್ತ ನಾನು ಏನೂ ಹೇಳಲಿಲ್ಲ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನನ್ನ ಮುಖದಲ್ಲಿ ಏನು ಕಾಣುತ್ತಿತ್ತೋ ಅದೂ ಗೊತ್ತಿಲ್ಲ.

"ಸರಿ," ಎಂದರು ಜಾನ್ ಮೇರ್ ಕೊನೆಗೆ. "ಸುಮ್ಮನಿದ್ದಾರೆ ಅಂತ ಏನೂ ತೀರ್ಮಾನ ಮಾಡಬಾರ್ದು ಅಂತ ಆವತ್ತು ಷರೀಫ್ ಹೇಳಿದ್ರು. ನೆನಪಿದೆಯಾ?"

"ನೆನಪಿದೆ."

"ನಾನೂ ಮಾಡಲ್ಲ. ರೊಟ್ಟಿ ತಗೋ."

ತೆಗೆದುಕೊಂಡೆ. ಹೊರಡುವಾಗ ಅವರು ಒಂದು ಷರತ್ತು ಹಾಕಿದರು. ಇವತ್ತು ಇಲ್ಲಿ ಹೇಳಿದ್ದು ಒಂದೂ ಮಕ್ಕಳ ಪಾಠಕ್ಕೆ ಸೇರಬಾರದು. ಬಲೆ ಹೆಣೆದದ್ದೂ ಬೇಡ, ದೀಪವೂ ಬೇಡ. "ಆವತ್ತು ಏನಿತ್ತೋ ಅಷ್ಟೇ. ನಿಮಗೆ ಕೊಟ್ಟಿದ್ದೂ ಅಷ್ಟೇ ತಾನೆ? ಅದರಲ್ಲೇ ಹೇಳ್ಲಿ. ನಿಜವಾದ ಹೆಸರು ಹಾಕು. ಸ್ಮಿತ್ ಅಂತೆ! ಈ ಊರಲ್ಲಿ ಯಾವನಿದ್ದಾನೆ ಸ್ಮಿತ್?"

ಮಿಸ್ ಪಿರೀ ಮೊದಲು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರಿಗೆ ರೂತ್ ಕಾಗದ ಬರೆದು ಕೊಟ್ಟಳು, ಎರಡೇ ಸಾಲು. ಮುಂದಿನ ಗುರುವಾರ ಮತ್ತೆ ಕುರ್ಚಿ ಜೋಡಿಸಿದೆವು.

ಹೆಸರು ಜಾನ್ ಮೇರ್ ಎಂದು ಬದಲಾಯಿತು. ಉಳಿದದ್ದೆಲ್ಲ ಹಾಗೇ ಇತ್ತು. ಹನ್ನೊಂದನೆಯ ಕುರ್ಚಿ ಖಾಲಿ. ಟಿರ್ಜಾ ಪ್ರೇಕ್ಷಕರ ಬೆಂಚಿನಲ್ಲಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅವಳನ್ನು ಸಾಕ್ಷಿಯಾಗಿ ಕರೆಯಿರಿ ಎಂದು ಆರೋಪಿಯ ವಕೀಲನಾದ ಹುಡುಗ ಕೇಳಿದ. ಟಾಕರ್ ಒಪ್ಪಲಿಲ್ಲ. ಈ ಸಲ ಗ್ರೆಗರ್ ಆರೋಪಿಯ ಕುರ್ಚಿಯಲ್ಲಿ ನಿಜವಾಗಿ ಸುಮ್ಮನೆ ಕೂತ. ನಲವತ್ತು ನಿಮಿಷ. ಜ್ಯೂರಿಯ ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸುಮ್ಮನಿರುವುದು ಅವರ ಹಕ್ಕು, ಅದರಿಂದ ಏನನ್ನೂ ತೀರ್ಮಾನಿಸಬೇಡಿ," ಎಂದು ಟಾಕರ್ ಓದಿದರು. ಎರಡನೆಯ ಸಲ ಅದೇ ವಾಕ್ಯ ಬಂದಾಗ ನನ್ನ ಕಡೆ ಒಮ್ಮೆ ನೋಡಿ, ಅದನ್ನೂ ಓದಿದರು.

ಹದಿನಾಲ್ಕು ಮಕ್ಕಳು ಗ್ರಂಥಾಲಯದ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತೆ. ಊಟದ ಗಂಟೆ ಹೊಡೆಯಿತು, ಯಾರೂ ಬರಲಿಲ್ಲ. ಅಡುಗೆಯವಳು ಬಂದು, "ಆಲೂಗಡ್ಡೆ ಆರಿ ಹೋಗ್ತಿದೆ, ಯಾರನ್ನಾದ್ರೂ ಬೇಗ ನೇಣು ಹಾಕಿ," ಎಂದಳು. ಟಿರ್ಜಾಳನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಐವತ್ತೆರಡು ನಿಮಿಷಕ್ಕೆ ಬಾಗಿಲು ತೆರೆಯಿತು. ನಾವು ಆವತ್ತು ಎಷ್ಟು ಹೊತ್ತು ತೆಗೆದುಕೊಂಡೆವು ಎನ್ನುವುದು ಕೋರ್ಟಿನ ಕಡತದಲ್ಲಿದೆ, ಬರೆಯಬಹುದು: ಮೂವತ್ತೈದು ನಿಮಿಷ.

ಏಲಿ ರೀಡ್ ಎದ್ದಳು.

"ತೀರ್ಪು ಏನು?" ಎಂದು ಕೇಳಿದೆ. ಅದು ನನ್ನ ಪಾತ್ರದ ಮಾತು.

"ಸಾಬೀತಾಗಿಲ್ಲ."

"ಒಮ್ಮತವೇ, ಬಹುಮತವೇ?"

"ಬಹುಮತ."

ಎಷ್ಟಕ್ಕೆ ಎಷ್ಟು ಎಂದು ಕೇಳುವ ಪದ್ಧತಿ ಇಲ್ಲ. ಟಾಕರ್ ಜ್ಯೂರಿಗೆ ವಂದನೆ ಹೇಳಿದರು. ಗ್ರೆಗರ್ ಎದ್ದು ಮೈಮುರಿದು, "ಅಂದ್ರೆ ಮನೆಗೆ ಹೋಗ್ಬಹುದು ತಾನೆ?" ಎಂದ. ಹೋಗಬಹುದು ಎಂದರು ಟಾಕರ್. ಮಕ್ಕಳು ಆಲೂಗಡ್ಡೆಗೆ ಓಡಿದರು.

ಟಿರ್ಜಾ ಓಡಲಿಲ್ಲ. ನನ್ನ ಮೇಜಿನ ಹತ್ತಿರ ಬಂದು, "ಬರೆದು ಕೊಡ್ತೀರಾ ಮಿಸ್? ತಾತ ಬರೆಸ್ಕೊಂಡು ಬಾ ಅಂದಿದಾರೆ," ಎಂದಳು. ಸಂಸ್ಥೆಯ ಕಾಗದದ ಮೇಲೆ ಬರೆದೆ: ಜಾನ್ ಮೇರ್, ಸಾಬೀತಾಗಿಲ್ಲ, ಬಹುಮತದಿಂದ. ತಾರೀಕು ಹಾಕಿದೆ. ರುಜು ಹಾಕುವ ಅಧಿಕಾರ ನನಗಿದೆಯೇ ಎಂದು ಯೋಚಿಸಿ, ಟಾಕರ್‌ ಅವರಿಂದ ಹಾಕಿಸಿದೆ. ಆಮೇಲೆ ನನ್ನದನ್ನೂ ಹಾಕಿದೆ.

ಈಗ ನಮ್ಮಲ್ಲಿ ಮತ್ತೆ ಸೈಕಲ್ ಕಳ್ಳತನ ನಡೆಯುತ್ತಿದೆ. ಒಂದು ಸಾಕ್ಷಿ ಹೆಚ್ಚು ಸೇರಿಸಿದ್ದೇನೆ. ಈಗ ಏಳು ನಿಮಿಷ ಹಿಡಿಯುತ್ತದೆ. ಬರೆಯುವ ಮುಂಚೆ ಊರಲ್ಲಿ ಯಾರ ಸೈಕಲ್ ಯಾವಾಗ ಕಳುವಾಗಿತ್ತು ಎಂದು ನಾಲ್ಕು ಜನರನ್ನು ವಿಚಾರಿಸಿದೆ.

ಆ ತೀರ್ಪಾಗಿ ಎರಡು ವಾರದ ಮೇಲೆ ಶಾಲೆಯ ಗೇಟಿನ ಹತ್ತಿರ ಟಿರ್ಜಾ ಸಿಕ್ಕಳು. ತಾತ ಏನೆಂದರು ಎಂದು ಕೇಳಬಾರದು ಎಂದುಕೊಂಡಿದ್ದೆ. ಅವಳೇ ಹೇಳಿದಳು.

"ಓದಿದ್ರು ಮಿಸ್. ಎರಡು ಸಲ. 'ಸರಿಯಾಗೇ ಹೇಳಿದಾರೆ ಮಕ್ಕಳು, ನಂಗೂ ಅಷ್ಟೇ ಗೊತ್ತಿರೋದು' ಅಂದ್ರು. ಆಮೇಲೆ ಬ್ಯಾರೋಮೀಟರ್ ಹಿಂದೆ ಸಿಗಿಸಿಟ್ರು."

"ಮತ್ತೇನೂ ಕೇಳಲಿಲ್ವಾ?"

"ಎಷ್ಟು ಜನ ಯಾವ ಕಡೆ ಅಂತ ಕೇಳಿದ್ರು. ನಂಗೆ ಗೊತ್ತಿಲ್ಲ, ಗೊತ್ತಿದ್ರೂ ಹೇಳಂಗಿಲ್ಲ ಅಂದೆ." ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ನಕ್ಕರು."

ರಸ್ತೆಯ ಆಚೆಯಿಂದ ಗ್ರೆಗರ್ ವಾಟ್ ಕೂಗಿದ: "ಬೆಂಕೀ! ಬಸ್ಸು ಬಂತು, ಬಾರೇ!"

ಟಿರ್ಜಾ ತಿರುಗಿ ಓಡಿದಳು.